ಆರು ಲಕ್ಷಕ್ಕೆ ಹಾಡು, ಅದೂ ಶಾಶ್ವತವಾಗಿ: ಗೇಮ್ ಕಂಪನಿಗಳ ಇಡುಗಂಟು ನ್ಯಾಯವೋ, ಜುಗ್ಗತನವೋ?

ಶ್ರುತಿಪೆಟ್ಟಿಗೆ
2024ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಹೆವೆನ್ 17 ತಂಡದ ಮಾರ್ಟಿನ್ ವೇರ್ ಎಕ್ಸ್‌ನಲ್ಲಿ ಹಾಕಿದ್ದ ಪೋಸ್ಟ್ ಇನ್ನೂ ಸುತ್ತಾಡ್ತಾನೇ ಇದೆ. ರಾಕ್‌ಸ್ಟಾರ್ ಕಂಪನಿಯ ವಿಡಿಯೋ ಗೇಮ್ ಜಿಟಿಎ 6ಕ್ಕೆ (ಗ್ರ್ಯಾಂಡ್ ಥೆಫ್ಟ್ ಆಟೋ) ಅವರ 1983ರ ಹಿಟ್ ‘ಟೆಂಪ್ಟೇಷನ್’ ಬೇಕು ಅಂತ ಕೇಳಿದ್ರಂತೆ. ಕೊಡ್ತೀವಿ ಅಂದಿದ್ದು 7,500 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 6.3 ಲಕ್ಷ ರೂಪಾಯಿ. ಅದಾದ ಮೇಲೆ ಆ ಆಟದಿಂದ ಯಾವತ್ತೂ ರಾಯಲ್ಟಿ ಕೇಳೋ ಹಾಗಿಲ್ಲ. ಮನುಷ್ಯ ಚೆನ್ನಾಗಿ ಬೈದು ‘ಬೇಡ’ ಅಂದ.

ನನ್ನ ಪ್ರಶ್ನೆ ಇಷ್ಟು. ಗೇಮ್‌ಗೆ ಹಾಡು ಕೊಡೋ ವ್ಯವಹಾರ ಸಿನಿಮಾದ ಹಾಗೇನಾ, ಬೇರೇನಾ? ಈ ಮೊತ್ತ ನಿಜಕ್ಕೂ ಅವಮಾನವಾ? ನಾಳೆ ಇಲ್ಲಿನ ಸ್ವತಂತ್ರ ಸಂಗೀತಗಾರರನ್ನ ಯಾವುದೋ ಸ್ಟುಡಿಯೋ ಕೇಳಿದ್ರೆ ಅಗ್ರಿಮೆಂಟ್‌ನಲ್ಲಿ ಏನೇನು ನೋಡ್ಬೇಕು? ‘ಪಾಪ ಕಲಾವಿದರು’ ಅನ್ನೋ ಉತ್ತರ ಬೇಡ, ಒಳಗಿನ ವಿಷಯ ಗೊತ್ತಿರೋರು ಬರೀರಿ.

ಮಂಡ್ಯ_ಮೋಡರ್
ಬಿಲಿಯನ್‌ಗಟ್ಲೆ ದುಡಿಯೋರು ಆರು ಲಕ್ಷ ಕೊಡ್ತಾರಂತೆ. ನಮ್ಮೂರ ಹಬ್ಬದ ಆರ್ಕೆಸ್ಟ್ರಾದೋರಿಗೂ ಇದಕ್ಕಿಂತ ಮರ್ಯಾದೆ ಐತೆ ಬುಡಿ.

ಲೆಕ್ಕದ_ಲೋಕಣ್ಣ
ಬೈಯೋಕೆ ಮುಂಚೆ ಅಂಕಿ ಸರಿ ಮಾಡ್ಕೊಳ್ಳೋಣ. ಆ ಪೋಸ್ಟಿನಲ್ಲಿ ವೇರ್ ಜಿಟಿಎ 6ರ ಗಳಿಕೆ ಅಂತ ಹಾಕಿದ್ದ 8.6 ಬಿಲಿಯನ್ ಡಾಲರ್ ನಿಜವಾಗಿ ಜಿಟಿಎ 5ರ ಗಳಿಕೆ. 6 ಆಗಿನ್ನೂ ಬಂದೇ ಇರ್ಲಿಲ್ಲ.

ಎರಡನೇದು, 7,500 ಅನ್ನೋದು ಇಡೀ ಹಾಡಿನ ಬೆಲೆ ಅಲ್ಲ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರ್ತವೆ. ಸಾಹಿತ್ಯ ಮತ್ತು ಸ್ವರ ಸಂಯೋಜನೆ ಒಂದು, ಅದಕ್ಕೆ ಪಬ್ಲಿಷರ್ ಹತ್ರ ಸಿಂಕ್ ಲೈಸೆನ್ಸ್ (ದೃಶ್ಯದ ಜೊತೆ ಹಾಡು ಸೇರಿಸೋ ಅನುಮತಿ) ತಗೋಬೇಕು. ರೆಕಾರ್ಡಿಂಗ್ ಇನ್ನೊಂದು, ಅದಕ್ಕೆ ಲೇಬಲ್ ಹತ್ರ ಮಾಸ್ಟರ್ ಲೈಸೆನ್ಸ್. ಈ ಹಾಡು ಬರೆದೋರು ಮೂವರು. ಒಬ್ಬರ ಪಾಲು 7,500 ಅಂದ್ರೆ ಬರಹದ ಕಡೆಗೆ 22,500. ಮಾಸ್ಟರ್‌ಗೂ ಅಷ್ಟೇ ಅಂತ ಹಿಡಿದ್ರೆ ಹಾಡಿಗೆ 45,000. ಇನ್ನೂ ಕಮ್ಮಿನೇ ಅನ್ನಿ, ತಕರಾರಿಲ್ಲ. ಆದ್ರೆ ‘ಒಂದು ಹಾಡಿಗೆ ಆರು ಲಕ್ಷ’ ಅಂತ ಸಾರಿಕೊಂಡು ಹೋಗೋದು ತಪ್ಪು.

ಗುಡ್ಡದ_ಭೂತ
ಎಂತ ಮಾರಾಯ್ರೆ, 45 ಸಾವಿರ ಡಾಲರ್ ಆದ್ರೂ ಅವರಿಗೆ ಅದು ಒಂದು ನಿಮಿಷದ ಗಳಿಕೆಯೂ ಅಲ್ಲ. ಜಿಟಿಎ 5 ಬಂದ ಮೂರೇ ದಿನದಲ್ಲಿ ಒಂದು ಬಿಲಿಯನ್ ಡಾಲರ್ ಮಾಡಿದ್ದು, 2013ರಲ್ಲಿ.

ಲೆಕ್ಕದ_ಲೋಕಣ್ಣ
@ಗುಡ್ಡದ_ಭೂತ ಮೂರು ದಿನ ಅಂದ್ರೆ 4,320 ನಿಮಿಷ. ನಿಮಿಷಕ್ಕೆ ಸುಮಾರು 2.3 ಲಕ್ಷ ಡಾಲರ್. ಅಂದ್ರೆ 45 ಸಾವಿರ ಹನ್ನೆರಡು ಸೆಕೆಂಡಿನ ದುಡ್ಡು. ನಿಮ್ಮ ಮಾತು ಇನ್ನೂ ಗಟ್ಟಿಯಾಯ್ತು, ತಗೊಳ್ಳಿ :)

ಆದ್ರೆ ಕಂಪನಿ ಕಡೆಯಿಂದ್ಲೂ ನೋಡಿ. 5ರಲ್ಲಿ ಬಿಡುಗಡೆ ಹೊತ್ತಿಗೇ 240ರಷ್ಟು ಲೈಸೆನ್ಸ್ ಹಾಡುಗಳಿದ್ವು. ಒಂದಕ್ಕೆ 45,000 ಅಂದ್ರೆ ಒಟ್ಟು 1.08 ಕೋಟಿ ಡಾಲರ್. ಅವರು ಕೊಳ್ತಿರೋದು ಒಂದು ಹಾಡಲ್ಲ, ಆಟದ ಕಾರುಗಳಲ್ಲಿ ಕೇಳಿಸೋ ಹದಿನೈದಕ್ಕೂ ಮೀರಿದ ರೇಡಿಯೋ ಸ್ಟೇಷನ್‌ಗೆ ಆಗುವಷ್ಟು ಸರಕು. ಯಾರೋ ಒಬ್ರು ಬೇಡ ಅಂದ್ರೆ ಅದೇ ಕಾಲದ ಇನ್ನೊಂದು ಹಾಡು ಹಾಕ್ತಾರೆ. ಆಟಗಾರನಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ.

ಸಿಂಕ್_ಸರಸಮ್ಮ
ಇಲ್ಲಿ ಎಲ್ಲರೂ ಮೊತ್ತದ ಮೇಲೆ ಜಗಳ ಆಡ್ತಿದ್ದೀರಿ. ಕಚ್ಚೋದು ಮೊತ್ತ ಅಲ್ಲ, ‘ಶಾಶ್ವತ’ ಅನ್ನೋ ಷರತ್ತು. ಯಾಕೆ ಅಂತ ಹೇಳ್ತೀನಿ.

ಸಿನಿಮಾ ಅಥವಾ ಧಾರಾವಾಹಿಗೆ ಹಾಡು ಕೊಟ್ರೆ ಮುಂಗಡವಾಗಿ ಒಂದು ಸಿಂಕ್ ಫೀ ಬರುತ್ತೆ. ಆಮೇಲೆ ಅದು ಟಿವಿಯಲ್ಲಿ ಬಂದಾಗೆಲ್ಲ, ಸ್ಟ್ರೀಮಿಂಗ್‌ನಲ್ಲಿ ಓಡಿದಾಗೆಲ್ಲ, ಬ್ರಿಟನ್‌ನಲ್ಲಿ ಪಿಆರ್‌ಎಸ್, ಅಮೆರಿಕದಲ್ಲಿ ಆಸ್ಕ್ಯಾಪ್ ಥರದ ಸಂಘಗಳ ಮೂಲಕ ಪ್ರದರ್ಶನದ ರಾಯಲ್ಟಿ ಹನಿಹನಿಯಾಗಿ ಬರ್ತಾ ಇರುತ್ತೆ. ಗೇಮ್‌ನಲ್ಲಿ ಆ ಬಾಲವೇ ಇಲ್ಲ. ಮನೆಯಲ್ಲಿ ಕೂತು ಕನ್ಸೋಲ್ ಆಡೋದು ಸಾರ್ವಜನಿಕ ಪ್ರದರ್ಶನ ಅಲ್ಲ. ಹಾಗಾಗಿ ಮುಂಗಡ ಕೊಟ್ಟಿದ್ದೇ ಮೊದಲು, ಕೊಟ್ಟಿದ್ದೇ ಕೊನೆ. ಸಿನಿಮಾದ ಇಡುಗಂಟಿಗೂ ಗೇಮ್‌ನ ಇಡುಗಂಟಿಗೂ ಅಂಕಿ ಒಂದೇ ಇದ್ರೂ ತೂಕ ಒಂದೇ ಅಲ್ಲ.

ಇನ್ನೊಂದು, ಇಂಥ ಒಪ್ಪಂದಗಳಲ್ಲಿ ‘ಮೋಸ್ಟ್ ಫೇವರ್ಡ್ ನೇಷನ್’ ಅನ್ನೋ ಷರತ್ತು ಇರುತ್ತೆ. ಮಾಸ್ಟರ್ ಕಡೆಯವರಿಗೆ ಜಾಸ್ತಿ ಕೊಟ್ರೆ ಬರಹದ ಕಡೆಯವರಿಗೂ ಅಷ್ಟೇ ಕೊಡ್ಬೇಕು. ಕೆಲವು ಸಲ ಆಟದಲ್ಲಿರೋ ಎಲ್ಲ ಹಾಡುಗಳಿಗೂ ಅದೇ ದರ. ಇದು ಚಿಕ್ಕ ಕಲಾವಿದರಿಗೆ ರಕ್ಷಣೆ ಹೌದು. ಆದ್ರೆ ಯಾರೊಬ್ಬರಿಗೂ ಜಾಸ್ತಿ ಕೊಡದೆ ಇರೋಕೆ ಕಂಪನಿಗೂ ಅದೇ ನೆಪ. ಒಬ್ಬರಿಗೆ ಸಾವಿರ ಏರಿಸಿದ್ರೆ 240 ಜನಕ್ಕೂ ಏರಿಸ್ಬೇಕಲ್ಲ.

ಧಾರವಾಡದ_ಡ್ರಮ್ಮರ್
ಅಲ್ರೀ ಸರಸಮ್ಮನವರ, ಅಂದ್ರ ಆಟ ಮಾರಾಟ ಆದಷ್ಟೂ ಪೈಸೆ ಕೊಡೂ ಪದ್ಧತಿ ಎಲ್ಲೂ ಇಲ್ಲೇನ್ರೀ?

ಸಿಂಕ್_ಸರಸಮ್ಮ
@ಧಾರವಾಡದ_ಡ್ರಮ್ಮರ್ ಇತ್ತು, ಇದೆ. ಹಾಡೇ ಆಟವಾಗಿರೋ ಕಡೆ. ರಾಕ್ ಬ್ಯಾಂಡ್ ಅನ್ನೋ ಆಟದಲ್ಲಿ ಒಂದೊಂದು ಹಾಡನ್ನ ಬಿಡಿಯಾಗಿ 1.99 ಡಾಲರ್‌ಗೆ ಮಾರ್ತಿದ್ರು. ಯಾವ ಹಾಡು ಎಷ್ಟು ಹೋಯ್ತು ಅಂತ ಲೆಕ್ಕ ಸಿಗುತ್ತೆ, ಪಾಲು ಹಂಚೋದು ಸುಲಭ. ಜಿಟಿಎ ಥರದ ಆಟದಲ್ಲಿ ಯಾರು ಯಾವ ಸ್ಟೇಷನ್ ಎಷ್ಟು ಹೊತ್ತು ಕೇಳಿದ್ರು ಅಂತ ಲೆಕ್ಕ ಹಾಕಿ ದುಡ್ಡು ಹಂಚೋಕೆ ಯಾವ ಕಂಪನಿಯೂ ಒಪ್ಪಲ್ಲ. ತಾಂತ್ರಿಕವಾಗಿ ಆಗದ ಕೆಲಸ ಅಲ್ಲ, ಮನಸ್ಸಿಲ್ಲ ಅಷ್ಟೇ.

ಹಳೇಕ್ಯಾಸೆಟ್
ಈ ಜಗಳ ಹೊಸದೇನಲ್ಲ. 2008ರಲ್ಲಿ ವಾರ್ನರ್ ಮ್ಯೂಸಿಕ್‌ನ ಎಡ್ಗರ್ ಬ್ರಾನ್ಫ್‌ಮನ್ ‘ಗಿಟಾರ್ ಹೀರೋ, ರಾಕ್ ಬ್ಯಾಂಡ್‌ನಿಂದ ನಮಗೆ ಬರೋದು ತೀರಾ ಕಮ್ಮಿ’ ಅಂತ ದೂರಿದ್ರು. ಗಿಟಾರ್ ಹೀರೋ ಮಾರ್ತಿದ್ದ ಆಕ್ಟಿವಿಷನ್‌ನ ಬಾಬಿ ಕೋಟಿಕ್ ತಿರುಗಿ ಹೇಳಿದ ಮಾತಿನ ಸಾರ ಏನಂದ್ರೆ, ನಮ್ಮ ಆಟದಿಂದ ನಿಮ್ಮ ಹಳೇ ಆಲ್ಬಂಗಳು ಮತ್ತೆ ಓಡ್ತಿವೆ, ಲೆಕ್ಕದ ಪ್ರಕಾರ ನೀವೇ ನಮಗೆ ಕೊಡ್ಬೇಕು. ಎರಡೂ ಕಡೆಯವರು ಕೋಟ್ಯಧಿಪತಿಗಳು. ಗಿಟಾರ್ ಬಾರಿಸಿದವನನ್ನ ಕೇಳಿದೋರು ಯಾರೂ ಇಲ್ಲ.

ಗುಡ್ಡದ_ಭೂತ
‘ಪ್ರಚಾರ ಸಿಗುತ್ತೆ’ ಅನ್ನೋ ಮಾತು ಬಂತು ನೋಡಿ. ಕಾಯ್ತಾ ಇದ್ದೆ.

ಪಿಕ್ಸೆಲ್_ಪುಟ್ಟಿ
ಪ್ರಚಾರ ಸುಳ್ಳು ಅನ್ನೋಕಾಗಲ್ಲ. 2023ರ ಡಿಸೆಂಬರ್‌ನಲ್ಲಿ ಜಿಟಿಎ 6ರ ಮೊದಲ ಟ್ರೇಲರ್‌ನಲ್ಲಿ ಟಾಮ್ ಪೆಟ್ಟಿಯ 1989ರ ಹಾಡು ಬಂತು. ಸ್ಪಾಟಿಫೈನಲ್ಲಿ ಅದನ್ನ ಕೇಳೋರು ನೂರಾರು ಪಟ್ಟು ಏರಿದ್ರು. ಗಾಯಕಿ ಕೇಟ್ ಬುಷ್ ಅವರ 1985ರ ಹಾಡು 2022ರಲ್ಲಿ ಒಂದು ಟಿವಿ ಸರಣಿಯಿಂದಾಗಿ ಬ್ರಿಟನ್‌ನಲ್ಲಿ ನಂಬರ್ 1 ಆಯ್ತು.

ಸಿಂಕ್_ಸರಸಮ್ಮ
@ಪಿಕ್ಸೆಲ್_ಪುಟ್ಟಿ ಎರಡು ಉದಾಹರಣೆಯೂ ನಿಜ, ಎರಡೂ ಇಲ್ಲಿಗೆ ಹೊಂದಲ್ಲ. ಟ್ರೇಲರ್‌ನಲ್ಲಿ ಒಂದೇ ಹಾಡು, ಒಂದೂವರೆ ನಿಮಿಷ, ಜಗತ್ತೇ ಕೇಳುತ್ತೆ. ಟ್ರೇಲರ್‌ಗೆ ದರವೇ ಬೇರೆ, ಒಪ್ಪಂದವೂ ಬೇರೆ. 240ರಲ್ಲಿ ಒಂದಾಗಿ ಯಾವುದೋ ಸ್ಟೇಷನ್‌ನಲ್ಲಿ ಕೂತ ಹಾಡಿಗೆ ಆ ಅದೃಷ್ಟ ಇಲ್ಲ.

ಕೇಟ್ ಬುಷ್ ವಿಷಯದಲ್ಲಿ ಮಾಸ್ಟರ್ ಆಕೆಯ ಕೈಯಲ್ಲೇ ಇದೆ. ಕೇಳುಗರು ಏರಿದ್ರೆ ದುಡ್ಡು ನೇರ ಆಕೆಗೆ. ಮಾಸ್ಟರ್ ಲೇಬಲ್ ಕೈಯಲ್ಲಿದ್ರೆ ಪ್ರಚಾರದ ಲಾಭದ ದೊಡ್ಡ ತುಂಡು ಲೇಬಲ್‌ಗೆ ಹೋಗುತ್ತೆ. ‘ಪ್ರಚಾರ ಸಿಗುತ್ತೆ’ ಅಂದವರನ್ನ ಮೊದಲು ಕೇಳಬೇಕಾದ ಪ್ರಶ್ನೆ: ಯಾರಿಗೆ?

ಲೆಕ್ಕದ_ಲೋಕಣ್ಣ
ಇನ್ನೊಂದು ಕಡೆಯ ಲೆಕ್ಕ. ಸ್ಪಾಟಿಫೈನಲ್ಲಿ ಒಂದು ಸ್ಟ್ರೀಮ್‌ಗೆ ನಿಗದಿತ ದರ ಇಲ್ಲ, ಆದ್ರೂ ಸಾಮಾನ್ಯವಾಗಿ 0.003ರಿಂದ 0.005 ಡಾಲರ್ ಅಂತಾರೆ. 0.004 ಅಂತ ಹಿಡಿದ್ರೆ 7,500 ಡಾಲರ್ ಹುಟ್ಟೋಕೆ 18.75 ಲಕ್ಷ ಸ್ಟ್ರೀಮ್ ಬೇಕು, ಅದೂ ಲೇಬಲ್ ತನ್ನ ಪಾಲು ಮುರಿದುಕೊಳ್ಳೋಕೆ ಮುಂಚೆ. 2024ರಿಂದ ಹನ್ನೆರಡು ತಿಂಗಳಲ್ಲಿ 1,000 ಸ್ಟ್ರೀಮ್ ದಾಟದ ಹಾಡಿಗೆ ಬಿಡಿಗಾಸೂ ಇಲ್ಲ. ಹೆಸರು ಮಾಡದ ತಂಡಕ್ಕೆ 7,500 ಚಿಕ್ಕ ದುಡ್ಡಲ್ಲ. ವೇರ್ ಬೇಡ ಅನ್ನಬಹುದು, ಅವರಿಗೆ 1983ರ ಹಿಟ್ ಇದೆ. ಎಲ್ಲರೂ ಅವರ ಹಾಗೇ ಬೈದು ಎದ್ದು ಬನ್ನಿ ಅನ್ನೋದು ಕೆಟ್ಟ ಸಲಹೆ.

ಮಂಡ್ಯ_ಮೋಡರ್
ಲೋಕಣ್ಣ ರಾಕ್‌ಸ್ಟಾರ್‌ನೋರಿಂದ ಸಂಬ್ಳ ತಗೋತಾವ್ನೆ ಅನ್ಸುತ್ತೆ

ಲೆಕ್ಕದ_ಲೋಕಣ್ಣ
@ಮಂಡ್ಯ_ಮೋಡರ್ ಕೊಟ್ರೆ ಬೇಡ ಅನ್ನಲ್ಲ ಗುರು. ಇಡುಗಂಟಾಗೇ ಕೊಡ್ಲಿ.

ಪಿಕ್ಸೆಲ್_ಪುಟ್ಟಿ
ಆಡೋರ ಕಡೆಯಿಂದ ಒಂದು ಮಾತು ಯಾರೂ ಎತ್ತಿಲ್ಲ. ‘ಶಾಶ್ವತ’ ಲೈಸೆನ್ಸ್ ಆಡೋರಿಗೆ ಒಳ್ಳೇದು! ಅವಧಿ ಹಾಕಿದ್ರೆ ಏನಾಗುತ್ತೆ ಅಂತ ನೋಡಿದ್ದೀವಲ್ಲ:

– ಜಿಟಿಎ 4: ಹತ್ತು ವರ್ಷ ತುಂಬಿದ 2018ರ ಏಪ್ರಿಲ್‌ನಲ್ಲಿ ಅಪ್‌ಡೇಟ್ ಬಂದು ಹಾಡುಗಳು ಮಾಯ. ವ್ಲಾಡಿವೋಸ್ಟಾಕ್ ಎಫ್‌ಎಂ ಸ್ಟೇಷನ್ನಿಗೆ ದೊಡ್ಡ ಏಟು. ದುಡ್ಡು ಕೊಟ್ಟು ಕೊಂಡವರ ಪ್ರತಿಯಿಂದ್ಲೂ ಹೋಯ್ತು.
– ಅಲನ್ ವೇಕ್: 2017ರ ಮೇನಲ್ಲಿ ಸಂಗೀತದ ಲೈಸೆನ್ಸ್ ಮುಗೀತು ಅಂತ ಆಟವನ್ನೇ ಅಂಗಡಿಯಿಂದ ತೆಗೆದ್ರು. ಹೋಗೋ ಮುಂಚೆ 90% ರಿಯಾಯಿತಿ. ವಾಪಸ್ ಬಂದಿದ್ದು 2018ರ ಅಕ್ಟೋಬರ್‌ನಲ್ಲಿ.
– ಫೋರ್ಜಾ ಹೊರೈಜನ್ 4: 2024ರ ಡಿಸೆಂಬರ್ 15ಕ್ಕೆ ಮಾರಾಟ ಬಂದ್. ಲೈಸೆನ್ಸ್ ಕಾರಣ.

ಕಲಾವಿದರಿಗೆ ನ್ಯಾಯ ಸಿಗ್ಲಿ, ಆದ್ರೆ ಅದರ ಬಿಲ್ಲು ನಮ್ಮ ತಲೆಗೆ ಯಾಕೆ?

ಹಳೇಕ್ಯಾಸೆಟ್
ಜಿಟಿಎ 4ರಲ್ಲಿ ಇನ್ನೊಂದು ವಿಚಿತ್ರ ಇದೆ. ತೆಗೆದ ಹಾಡುಗಳ ಜಾಗಕ್ಕೆ ಬೇರೆ ಹಾಡು ತುಂಬಿದ್ರು, ಆದ್ರೆ ಡಿಸ್ಕ್ ಇಟ್ಕೊಂಡು ಕನ್ಸೋಲನ್ನ ಇಂಟರ್ನೆಟ್‌ಗೆ ಸೇರಿಸದೆ ಆಡೋರಿಗೆ ಹಳೇ ಹಾಡೇ ಬರುತ್ತೆ. ಒಂದೇ ಆಟ, ಎರಡು ರೇಡಿಯೋ. ಪಿಸಿಯಲ್ಲಿ ಹಳೇ ಆಡಿಯೋ ಫೈಲ್ ವಾಪಸ್ ಕೂರಿಸೋ ಮಾಡ್‌ಗಳು (ಆಡೋರೇ ಆಟಕ್ಕೆ ಮಾಡಿಕೊಳ್ಳೋ ಮಾರ್ಪಾಡುಗಳು) ಹುಟ್ಟಿಕೊಂಡಿದ್ದೂ ಇದಕ್ಕೇ.

ಸಿಂಕ್_ಸರಸಮ್ಮ
@ಪಿಕ್ಸೆಲ್_ಪುಟ್ಟಿ ಪುಟ್ಟಕ್ಕ, ಪ್ರಶ್ನೆ ಸರಿಯಾಗಿದೆ. ಆದ್ರೆ ‘ಶಾಶ್ವತ’ ಅಥವಾ ‘ಹತ್ತು ವರ್ಷ’ ಅಂತ ಎರಡೇ ದಾರಿ ಇಲ್ಲ. ಮಧ್ಯದಲ್ಲಿ ಹೀಗೆ ಬರೀಬಹುದು: ಈ ಆಟದ ಈ ಆವೃತ್ತಿಗೆ, ಹೆಸರಿಸಿದ ಈ ಕನ್ಸೋಲ್‌ಗಳಿಗೆ ಕಾಲಮಿತಿ ಇಲ್ಲ. ಹೊಸ ಕನ್ಸೋಲ್‌ಗೆ ತಂದ್ರೆ, ಚಿತ್ರ–ಶಬ್ದ ಸುಧಾರಿಸಿ ರೀಮಾಸ್ಟರ್ ಮಾಡಿದ್ರೆ, ಮತ್ತೆ ಫೀ, ಮೊದಲ ಫೀಯ ಇಂತಿಷ್ಟು ಶೇಕಡಾ ಅಂತ ಈಗಲೇ ನಿಗದಿ. ಆಗ ಕೊಂಡವರ ಪ್ರತಿಯಿಂದ ಹಾಡು ಹೋಗಲ್ಲ, ಕಂಪನಿ ಮತ್ತೆ ದುಡ್ಡು ಮಾಡಿದಾಗ ಹಾಡಿನವನಿಗೂ ಬರುತ್ತೆ.

ಇದು ಯಾಕೆ ಮುಖ್ಯ ಅಂದ್ರೆ ಜಿಟಿಎ 5 ನೋಡಿ. 2013ರಲ್ಲಿ ಪ್ಲೇಸ್ಟೇಷನ್ 3 (ಪಿಎಸ್3), 2014ರಲ್ಲಿ ಪಿಎಸ್4, 2015ರಲ್ಲಿ ಪಿಸಿ, 2022ರಲ್ಲಿ ಪಿಎಸ್5. ಒಂದೇ ಆಟವನ್ನ ಮೂರು ತಲೆಮಾರಿನ ಯಂತ್ರಕ್ಕೆ ಮಾರಿದ್ರು. ‘ಈಗಿರುವ ಹಾಗೂ ಮುಂದೆ ಬರುವ ಎಲ್ಲ ಪ್ಲಾಟ್‌ಫಾರ್ಮ್’ ಅನ್ನೋ ಆರು ಪದಕ್ಕೆ ಸಹಿ ಹಾಕಿದ್ರೆ ಮೂರು ಮಾರಾಟಕ್ಕೂ ಒಂದೇ ಫೀ.

ಧಾರವಾಡದ_ಡ್ರಮ್ಮರ್
ನಮ್ಮ ದೇಶದ ಕಾಯ್ದೆ ಪ್ರಕಾರ ‘ರಾಯಲ್ಟಿ ಬ್ಯಾಡ’ ಅಂತ ಬರಸ್ಕೊಳ್ಳಾಕ ಬರಂಗಿಲ್ಲ ಅಂತ ಕೇಳೀನಿ. ಖರೇನ?

ಕಲಂ_ಕೃಷ್ಣರಾಯ
@ಧಾರವಾಡದ_ಡ್ರಮ್ಮರ್ ಬಹುಮಟ್ಟಿಗೆ ನಿಜ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇಸರ ಬೇಡ.

1977ರಲ್ಲಿ ಸುಪ್ರೀಂ ಕೋರ್ಟು, ಸಿನಿಮಾಕ್ಕಾಗಿ ಬರೆಸಿದ ಸಂಗೀತಕ್ಕೆ ಬೇರೆ ಒಪ್ಪಂದ ಇಲ್ಲದಿದ್ದರೆ ನಿರ್ಮಾಪಕನೇ ಮೊದಲ ಒಡೆಯ ಎಂಬ ಅರ್ಥದ ತೀರ್ಪು ಕೊಟ್ಟಿತು. ದಶಕಗಳ ಕಾಲ ಗೀತರಚನೆಕಾರರೂ ಸಂಗೀತ ನಿರ್ದೇಶಕರೂ ಸಂಭಾವನೆ ಪಡೆದು ಸುಮ್ಮನಾದರು. ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ (ಜಾರಿ: 21 ಜೂನ್ 2012) ಇದನ್ನು ಬದಲಿಸಿತು. ಕಲಂ 18ಕ್ಕೆ ಸೇರಿಸಿದ ಷರತ್ತುಗಳ ಪ್ರಕಾರ, ಸಿನಿಮಾದಲ್ಲಿ ಅಥವಾ ಧ್ವನಿಮುದ್ರಣದಲ್ಲಿ ಸೇರಿದ ಸಾಹಿತ್ಯ–ಸಂಗೀತದ ಕರ್ತೃ ತನ್ನ ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಬೇರೆಯವರಿಗೆ ಬರೆದುಕೊಟ್ಟರೆ ಆ ಕರಾರು ಅನೂರ್ಜಿತ. ಸಿನಿಮಾದ ವಿಷಯದಲ್ಲಿ ಚಿತ್ರಮಂದಿರದ ಪ್ರದರ್ಶನಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ.

ಕಲಂ 19ರಲ್ಲಿ ಮೂರು ಸಣ್ಣ ಸಾಲುಗಳಿವೆ, ಯಾರೂ ಓದುವುದಿಲ್ಲ. ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಅರ್ಥ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಕೊಂಡವರು ಒಂದು ವರ್ಷ ಹಕ್ಕು ಬಳಸದಿದ್ದರೆ, ಬೇರೆ ರೀತಿ ಬರೆಯದ ಹೊರತು, ಅದು ಬಿದ್ದುಹೋಗುತ್ತದೆ. ಕಲಂ 30ಎ ಪ್ರಕಾರ ಇವು ಲೈಸೆನ್ಸಿಗೂ ಅನ್ವಯ.

ಆದರೆ ವಿದೇಶಿ ಕಂಪನಿಯ ಕರಾರಿನಲ್ಲಿ ‘ವಿವಾದ ಬಂದರೆ ನ್ಯೂಯಾರ್ಕ್ ಕಾನೂನು’ ಎಂದು ಒಂದು ಸಾಲು ಇರುತ್ತದೆ. ಅಲ್ಲಿಗೆ ಹೋಗಿ ಕಲಂ 18 ಓದಿ ಹೇಳುವ ಖರ್ಚು ಯಾರು ಭರಿಸುತ್ತಾರೆ?

ಹಳೇಕ್ಯಾಸೆಟ್
@ಕಲಂ_ಕೃಷ್ಣರಾಯ ರಾಯರೇ, ಕ್ಯಾಸೆಟ್ ಕಾಲದಲ್ಲಿ ಆಡಿಯೋ ಕಂಪನಿಗೆ ‘ಸಕಲ ಹಕ್ಕು’ ಅಂತ ಬರೆದುಕೊಟ್ಟ ಹಾಡುಗಳನ್ನ ಈಗ ಗೇಮ್‌ಗೆ ಮಾರಬಹುದಾ?

ಕಲಂ_ಕೃಷ್ಣರಾಯ
@ಹಳೇಕ್ಯಾಸೆಟ್ ಒಪ್ಪಂದದ ಕಾಲದಲ್ಲಿ ಇಲ್ಲದ ಮಾಧ್ಯಮವನ್ನು ಹೆಸರಿಸಿ ಬರೆಯದಿದ್ದರೆ ಆ ಮಾಧ್ಯಮಕ್ಕೆ ಹಕ್ಕು ಹೋಗುವುದಿಲ್ಲ ಎಂಬ ಷರತ್ತೂ 2012ರಲ್ಲೇ ಬಂದಿದ್ದು. ಅದಕ್ಕೆ ಮುಂಚಿನ ಕರಾರುಗಳಲ್ಲಿ ‘ಸಕಲ’ ಎಂದರೆ ಎಷ್ಟು ಸಕಲ ಎಂಬುದು ಪ್ರತಿ ಕರಾರಿನ ಭಾಷೆಯ ಮೇಲೆ ನಿಂತಿದೆ. ಮೂಲ ಪತ್ರ ನೋಡದೆ ಹೌದು ಎನ್ನುವ ವಕೀಲರನ್ನು ನಂಬಬೇಡಿ.

ಗುಡ್ಡದ_ಭೂತ
ಇಲ್ಲಿ ಆಡಿಯೋ ಕಂಪನಿಯವರು ಸುಮ್ಮನೆ ಕೂರುವುದಿಲ್ಲ ಮಾರಾಯ್ರೆ. 2022ರ ನವೆಂಬರ್ ನೆನಪಿದೆಯಾ? ಕೆಜಿಎಫ್ 2ರ ಹಾಡು ಕಾಂಗ್ರೆಸ್ಸಿನ ಭಾರತ್ ಜೋಡೋ ಯಾತ್ರೆಯ ವಿಡಿಯೋಕ್ಕೆ ಹಾಕಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ದಾವೆ ಹಾಕಿ, ಬೆಂಗಳೂರಿನ ಕೋರ್ಟು ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಯಲಿಕ್ಕೆ ಹೇಳಿತ್ತು. ಮರುದಿನ ಹೈಕೋರ್ಟು, ಆ ವಿಡಿಯೋ ತೆಗೆಯುವ ಷರತ್ತಿನ ಮೇಲೆ, ಅದನ್ನು ರದ್ದು ಮಾಡಿತು.

ಕ್ಯಾಂಪರ್_ಕೆಂಚ
ರಾಜಕೀಯ ಬೇಡ. ಕೆಲಸಕ್ಕೆ ಬರೋದು ಹೇಳಿ. ಗೇಮ್ ಸ್ಟ್ರೀಮ್ ಮಾಡೋರಿಗೆ ಆಟದೊಳಗಿನ ಹಾಡಿಗೇ ಯೂಟ್ಯೂಬ್ ಕ್ಲೇಮ್ ಬರುತ್ತಲ್ಲ, ಕಂಪನಿ ದುಡ್ಡು ಕೊಟ್ಟು ಕೊಂಡ ಹಾಡು ತಾನೇ? ನಮಗೇಕೆ ಕ್ಲೇಮ್?

ಓಬಿಎಸ್_ಓಬವ್ವ
@ಕ್ಯಾಂಪರ್_ಕೆಂಚ ಕಂಪನಿ ಕೊಂಡಿದ್ದು ಆಟದಲ್ಲಿ ಹಾಡು ಬರೋ ಹಕ್ಕು. ನೀನು ಆಡೋದನ್ನ ಊರಿಗೆಲ್ಲ ತೋರಿಸೋ ಹಕ್ಕು ಅದರಲ್ಲಿ ಇರಲ್ಲ. ಅದಕ್ಕೇ ಸೈಬರ್‌ಪಂಕ್ 2077 ಥರದ ಆಟಗಳಲ್ಲಿ ಲೈಸೆನ್ಸ್ ಹಾಡು ನಿಲ್ಲಿಸೋ ಆಯ್ಕೆ ಕೊಟ್ಟಿರೋದು, ಸೌಂಡ್ ಸೆಟ್ಟಿಂಗ್ಸ್‌ನಲ್ಲಿದೆ. ಅಂಥ ಆಯ್ಕೆ ಇಲ್ಲದ ಆಟದಲ್ಲಿ ಮ್ಯೂಸಿಕ್ ಸ್ಲೈಡರ್ ಸೊನ್ನೆಗೆ ಇಳಿಸು. ಕಾರಿನ ರೇಡಿಯೋಗೆ ಬೇರೆ ಸ್ಲೈಡರ್ ಇದ್ರೆ ಅದನ್ನೂ ಇಳಿಸು, ಸುಮಾರು ಜನ ಅದನ್ನೇ ಮರೆಯೋದು.

ಓಬಿಎಸ್‌ನಲ್ಲಿ (ಸ್ಟ್ರೀಮ್ ಮಾಡೋ ತಂತ್ರಾಂಶ) ಬೇರೆ ಟ್ರ್ಯಾಕ್ ಮಾಡಿದ್ರೆ ಸಾಕು ಅಂತ ತಿಳ್ಕೊಂಡಿರ್ತಾರೆ. ಅದು ನೀನು ಹಿನ್ನೆಲೆಯಲ್ಲಿ ಹಾಕೋ ಹಾಡಿಗೆ ಮಾತ್ರ ಸರಿ. ಔಟ್‌ಪುಟ್ ಮೋಡ್ ಅಡ್ವಾನ್ಸ್ಡ್‌ಗೆ ಬದಲಿಸು, ಹಾಡಿನ ಪ್ಲೇಯರನ್ನೂ ಗೇಮನ್ನೂ ಅಪ್ಲಿಕೇಶನ್ ಆಡಿಯೋ ಕ್ಯಾಪ್ಚರ್‌ನಲ್ಲಿ ಬೇರೆಬೇರೆ ಸೋರ್ಸ್ ಮಾಡು, ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಹಾಡಿನ ಸೋರ್ಸ್‌ಗೆ ಟ್ರ್ಯಾಕ್ 2ರ ಟಿಕ್ ತೆಗಿ, ಮೈಕ್ ಮತ್ತು ಗೇಮ್‌ಗೆ ಎರಡೂ ಟಿಕ್ ಇರ್ಲಿ. ಜೊತೆಗೆ ಡೆಸ್ಕ್‌ಟಾಪ್ ಆಡಿಯೋ ಮ್ಯೂಟ್ ಮಾಡು, ಇಲ್ಲಾಂದ್ರೆ ಅದೇ ಹಾಡು ಹಿಂಬಾಗಿಲಿಂದ ಟ್ರ್ಯಾಕ್ 2ಕ್ಕೆ ನುಗ್ಗುತ್ತೆ. ಸ್ಟ್ರೀಮಿಂಗ್ ತಾಣ ಟ್ವಿಚ್‌ನಲ್ಲಿ ಉಳಿಯೋ ವಿಡಿಯೋಗೆ ಟ್ರ್ಯಾಕ್ 2 ಹೋಗೋ ಹಾಗೆ ಮಾಡಬಹುದು. ಆಟದ ಒಳಗಿನ ಹಾಡು ಮಾತ್ರ ಗುಂಡಿನ ಸದ್ದಿನ ಜೊತೆ ಒಂದೇ ಧಾರೆಯಲ್ಲಿ ಬರುತ್ತೆ, ಅದನ್ನ ಓಬಿಎಸ್ ಬೇರ್ಪಡಿಸಲ್ಲ.

ಕ್ಯಾಂಪರ್_ಕೆಂಚ
ಕ್ಲೇಮ್ ಬಂದ್ರೆ ಚಾನೆಲ್ ಹೋಗುತ್ತಾ ಅಕ್ಕ?

ಓಬಿಎಸ್_ಓಬವ್ವ
@ಕ್ಯಾಂಪರ್_ಕೆಂಚ ಇಲ್ಲ. ಕಂಟೆಂಟ್ ಐಡಿ (ಯೂಟ್ಯೂಬ್ ತಾನಾಗೇ ಹಾಡು ಗುರುತಿಸೋ ವ್ಯವಸ್ಥೆ) ಕ್ಲೇಮ್ ಬೇರೆ, ಕಾಪಿರೈಟ್ ಸ್ಟ್ರೈಕ್ ಬೇರೆ. ಕ್ಲೇಮ್ ಬಂದ್ರೆ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತೆ ಅಥವಾ ವಿಡಿಯೋ ಬ್ಲಾಕ್ ಆಗುತ್ತೆ, ಚಾನೆಲ್‌ಗೆ ಏನೂ ಆಗಲ್ಲ. ಸ್ಟ್ರೈಕ್ ಮೂರಾದ್ರೆ ಚಾನೆಲ್ ಹೋಗುತ್ತೆ. ಒಂದರ ಆಯಸ್ಸು 90 ದಿನ, ಯೂಟ್ಯೂಬ್‌ನ ‘ಕಾಪಿರೈಟ್ ಸ್ಕೂಲ್’ ಪಾಠ ಮುಗಿಸಿದ್ರೆ.

ಕ್ಲೇಮ್ ತಪ್ಪು ಅನ್ಸಿದ್ರೆ ಐದು ದಿನದೊಳಗೆ ಡಿಸ್ಪ್ಯೂಟ್ ಹಾಕು. ಆಗ ಕ್ಲೇಮ್ ಬಿದ್ದ ದಿನದಿಂದಲೇ ದುಡ್ಡನ್ನ ಯೂಟ್ಯೂಬ್ ತಡೆಹಿಡಿಯುತ್ತೆ, ತಡ ಮಾಡಿದ್ರೆ ಡಿಸ್ಪ್ಯೂಟ್ ಹಾಕಿದ ದಿನದಿಂದ ಮಾತ್ರ. ಅವರಿಗೆ ಉತ್ತರ ಕೊಡೋಕೆ 30 ದಿನ. ಅವರು ಒಪ್ಪದಿದ್ರೆ ಅಪೀಲ್, ಅದಕ್ಕೆ 7 ದಿನ. ಅಪೀಲ್ ಹಂತದಲ್ಲಿ ಹುಷಾರು. ಅಲ್ಲೂ ಅವರು ಒಪ್ಪದೆ ತೆಗೆಸೋ ಕೋರಿಕೆ ಹಾಕಿದ್ರೆ ಅದು ಸ್ಟ್ರೈಕ್ ಆಗುತ್ತೆ. ‘ನಾನು ಹಾಡಿನವರ ಹೆಸರು ಹಾಕಿದ್ದೀನಿ’, ‘ಎಂಟೇ ಸೆಕೆಂಡ್ ಇದೆ’ ಅನ್ನೋ ಕಾರಣಗಳು ಯಾವ ಹಂತದಲ್ಲೂ ನಡೆಯಲ್ಲ.

ಶಾರ್ಟ್ಸ್ ಹಾಕೋರಿಗೆ: ಒಂದು ನಿಮಿಷ ಮೀರಿದ ಶಾರ್ಟ್‌ನಲ್ಲಿ ಕ್ಲೇಮ್ ಇದ್ರೆ ಎಲ್ಲ ಕಡೆ ಬ್ಲಾಕ್.

ಗುಡ್ಡದ_ಭೂತ
ಇದೇ ಒಂದು ಬೇರೆ ಚರ್ಚೆ ಆಯ್ತು. ಪಿನ್ ಮಾಡಿ ಯಾರಾದ್ರೂ.

ಅಪಸ್ವರ
ಹಳೇ ಹಾಡಿನ ಕಥೆ ಬಿಡಿ. ಆಟಕ್ಕಂತಲೇ ಹೊಸದಾಗಿ ಸಂಗೀತ ಮಾಡೋರ ಪಾಡು ಇನ್ನೂ ಕಷ್ಟ. ಡೂಮ್ ಎಟರ್ನಲ್ ಆಟದ ಪ್ರಕರಣ ಓದಿ. 2020ರಲ್ಲಿ ಆಟ ಬಂದು ಒಂದು ತಿಂಗಳಾದ ಮೇಲೆ ಸೌಂಡ್‌ಟ್ರ್ಯಾಕ್ ಬಂತು. 59 ಟ್ರ್ಯಾಕ್, ಅದರಲ್ಲಿ ಸಂಗೀತಗಾರ ಮಿಕ್ ಗಾರ್ಡನ್ ಸ್ವತಃ ಮಿಕ್ಸ್ ಮಾಡಿದ್ದು 12. ಉಳಿದಿದ್ದನ್ನ ಆಟದೊಳಗೆ ಬರೋ ತುಂಡುಗಳಿಂದ ಸ್ಟುಡಿಯೋದವರೇ ಹೊಲಿದಿದ್ರು. ಕೇಳುಗರು ವೇವ್‌ಫಾರ್ಮ್ (ಶಬ್ದದ ಗೆರೆಚಿತ್ರ) ತೆರೆದು ನೋಡಿದ್ರೆ ಏರಿಳಿತವೇ ಇಲ್ಲ, ಇಟ್ಟಿಗೆ ಥರ ಚಪ್ಪಟೆ. ಜೋಡಿಸಿದ ಕಡೆ ತಾಳ ಅರ್ಧಕ್ಕೆ ಎಗರುತ್ತೆ.

ನಿರ್ಮಾಪಕ ಮಾರ್ಟಿ ಸ್ಟ್ರಾಟನ್ ರೆಡಿಟ್‌ನಲ್ಲಿ ಬಹಿರಂಗ ಪತ್ರ ಬರೆದು, ತಡಕ್ಕೆ ಗಾರ್ಡನ್ ಕಾರಣ ಅಂದ್ರು. 2022ರ ನವೆಂಬರ್‌ನಲ್ಲಿ ಗಾರ್ಡನ್ ಉದ್ದದ ಉತ್ತರ ಬರೆದ್ರು. ಆಟದಲ್ಲಿ ಬಳಸಿದ ಸಂಗೀತದ ಅರ್ಧಕ್ಕೂ ತನಗೆ ದುಡ್ಡು ಸಿಕ್ಕಿಲ್ಲ, ತನ್ನ ಜೊತೆ ಒಪ್ಪಂದ ಆಗೋ ಮುಂಚೆಯೇ ಸೌಂಡ್‌ಟ್ರ್ಯಾಕ್ ಮಾರಾಟ ಘೋಷಿಸಿದ್ರು ಅಂತ. ಆಟದ ಪ್ರಕಾಶಕರಾದ ಬೆಥೆಸ್ಡಾ ಅದನ್ನ ಅಲ್ಲಗಳೆಯಿತು. ಯಾರು ಸರಿ ಅನ್ನೋದು ಬಿಡಿ, ಇಂಥ ಜಗಳ ಹುಟ್ಟೋ ಜಾಗ ಮಾತ್ರ ಸ್ಪಷ್ಟ. ಆಟದ ಸಂಗೀತವನ್ನ ನಿಮಿಷದ ಲೆಕ್ಕದಲ್ಲಿ ಕೊಳ್ತಾರೆ. ಒಪ್ಪಂದದ ನಿಮಿಷ ಎಷ್ಟು, ಕಳಿಸಿದ್ದೆಷ್ಟು, ಬಳಸಿದ್ದೆಷ್ಟು, ಈ ಮೂರೂ ಒಂದೇ ಆಗಿರೋದು ಅಪರೂಪ.

ಧಾರವಾಡದ_ಡ್ರಮ್ಮರ್
ಇದಕ್ಕ ಪರಿಹಾರ ಏನ್ರೀ?

ಅಪಸ್ವರ
@ಧಾರವಾಡದ_ಡ್ರಮ್ಮರ್ ಮೂರು ಕೆಲಸ. ಒಂದು, ಆಟದಲ್ಲಿ ಬಳಸಿದ್ದಕ್ಕೆಲ್ಲ ದುಡ್ಡು ಕೊಡ್ಬೇಕು ಅಂತ ಬರೆಸಿ. ‘ಇಷ್ಟವಾಗ್ಲಿಲ್ಲ’ ಅಂತ ತಿರಸ್ಕರಿಸಿದ ತುಂಡು ಆಟದಲ್ಲಿ ಕೇಳಿಸಿದ್ರೆ ಅದಕ್ಕೂ ನಿಮಿಷದ ದರ ಅನ್ವಯಿಸ್ಬೇಕು. ಎರಡು, ತಿದ್ದುಪಡಿ ಎರಡೇ ಸುತ್ತು, ಮೂರನೇದಕ್ಕೆ ಬೇರೆ ದುಡ್ಡು. ಮೂರು, ಕರಡನ್ನ ಎಂಪಿ3ಯಲ್ಲೇ ಕಳಿಸಿ. ಸ್ಟೆಮ್ ಅಂದ್ರೆ ಡ್ರಮ್, ಬೇಸ್, ಗಿಟಾರ್ ಬೇರೆಬೇರೆ ಇರೋ ವೇವ್ ಫೈಲುಗಳು. ಆ ಕಂತಿನ ದುಡ್ಡು ಖಾತೆಗೆ ಬಿದ್ದ ಮೇಲೆ ಅವನ್ನ ಕೊಡಿ. ಸ್ಟೆಮ್ ಕೈಗೆ ಬಂದ್ರೆ ಅವರೇ ಹೊಸ ಟ್ರ್ಯಾಕ್ ಕತ್ತರಿಸಿ ಅಂಟಿಸ್ಕೋತಾರೆ, ನಿಮ್ಮನ್ನ ಕೇಳೋ ಅಗತ್ಯವೇ ಇರಲ್ಲ.

ಲೆಕ್ಕದ_ಲೋಕಣ್ಣ
@ಅಪಸ್ವರ ಮೂರನೇದು ಕಾಗದದ ಮೇಲೆ ಚೆನ್ನಾಗಿದೆ. ಯುದ್ಧ ಜೋರಾದ ಹಾಗೆ ಸಂಗೀತದ ಪದರ ಏರೋ ಆಟಗಳಲ್ಲಿ ಎಫ್‌ಮೋಡ್, ವೈಸ್ ಥರದ ತಂತ್ರಾಂಶಕ್ಕೆ ಸ್ಟೆಮ್ ಮೊದಲ ದಿನದಿಂದ್ಲೇ ಬೇಕು. ಕೊಡಲ್ಲ ಅಂದ್ರೆ ಬೇರೆಯವರನ್ನ ಕರೀತಾರೆ.

ಅಪಸ್ವರ
@ಲೆಕ್ಕದ_ಲೋಕಣ್ಣ ಹಾಗಿದ್ರೆ ಮುಂಗಡ ಜಾಸ್ತಿ ಕೇಳಿ. ಸ್ಟೆಮ್ ಬಿಟ್ಟಿ ಅಲ್ಲ, ನನ್ನ ವಾದ ಅಷ್ಟೇ.

ಪಿಕ್ಸೆಲ್_ಪುಟ್ಟಿ
ಎಲ್ಲಿ ಬಳಸ್ತಾರೆ ಅಂತ ಬರೆಸಿಕೊಳ್ಳೋದೂ ಮುಖ್ಯ. 2009ರಲ್ಲಿ ನೋ ಡೌಟ್ ಸಂಗೀತ ತಂಡ ‘ಬ್ಯಾಂಡ್ ಹೀರೋ’ ಆಟದ ಮೇಲೆ ಕೇಸ್ ಹಾಕಿದ್ದು ಇದಕ್ಕೇ. ತಮ್ಮ ಮೂರು ಹಾಡಿಗೆ ಅಂತ ತಮ್ಮ ರೂಪ ಕೊಟ್ಟಿದ್ರು. ಆಟದಲ್ಲಿ ಆ ಗೊಂಬೆಗಳನ್ನ ಅನ್‌ಲಾಕ್ ಮಾಡಿದ್ರೆ ಬೇರೆ ಯಾರ ಹಾಡು ಬೇಕಾದ್ರೂ ಹಾಡ್ತಿದ್ವು. ಕೊನೆಗೆ 2012ರಲ್ಲಿ ರಾಜಿ.

ಮಂಡ್ಯ_ಮೋಡರ್
ಫೋರ್ಟ್‌ನೈಟ್ ಆಟದ ಡ್ಯಾನ್ಸ್ ಕೇಸೂ ಸೇರ್ಸ್ಕೊಳಿ, ಕುಣಿದೋರೂ ಕೋರ್ಟಿಗೋಗವ್ರೆ

ಕಲಂ_ಕೃಷ್ಣರಾಯ
@ಮಂಡ್ಯ_ಮೋಡರ್ ಹೌದು. ನೃತ್ಯ ಸಂಯೋಜಕ ಕೈಲ್ ಹನಗಾಮಿ ಹೂಡಿದ ದಾವೆಗೆ 2023ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಮತ್ತೆ ಜೀವ ಕೊಟ್ಟಿತು. ಆದರೆ ಅದು ಸಂಗೀತವಲ್ಲ, ದಾರಿ ತಪ್ಪುವುದು ಬೇಡ.

ಶ್ರುತಿಪೆಟ್ಟಿಗೆ
ಎಲ್ರಿಗೂ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಇಲ್ಲಿನ ಚಿಕ್ಕ ಸ್ಟುಡಿಯೋಗಳು ದುಡ್ಡಿಲ್ಲ ಅಂತ ವಚನ, ದಾಸರ ಪದ, ಶರೀಫರ ಪದ ‘ಹೇಗೂ ಫ್ರೀ’ ಅಂತ ಆಟಕ್ಕೆ ಹಾಕೋಕೆ ನೋಡ್ತಾರೆ. ನಿಜಕ್ಕೂ ಫ್ರೀನಾ?

ಕಲಂ_ಕೃಷ್ಣರಾಯ
@ಶ್ರುತಿಪೆಟ್ಟಿಗೆ ಪದ ಉಚಿತ, ಧಾಟಿ ಉಚಿತವಲ್ಲ, ರೆಕಾರ್ಡಿಂಗ್ ಅಂತೂ ಅಲ್ಲವೇ ಅಲ್ಲ. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ, ಸಾಹಿತ್ಯಕ್ಕೆ ಹಕ್ಕಿಲ್ಲ. ಆದರೆ ಇವತ್ತು ಜನರ ಕಿವಿಯಲ್ಲಿರುವುದು ಬಹುಪಾಲು ಸಿ. ಅಶ್ವತ್ಥ್ ಅವರ ಸಂಯೋಜನೆ. ಅವರು ತೀರಿಕೊಂಡಿದ್ದು 2009ರಲ್ಲಿ. ನಮ್ಮ ಕಾಯ್ದೆಯಲ್ಲಿ ಕರ್ತೃವಿನ ಮರಣದ ನಂತರ 60 ವರ್ಷ, ಅಂದರೆ 2069ರ ಕೊನೆಯವರೆಗೆ ಹಕ್ಕು ಇದೆ. ರೆಕಾರ್ಡಿಂಗ್‌ಗೆ ಪ್ರಕಟವಾದ ವರ್ಷದಿಂದ 60 ವರ್ಷ, ಅದು ಆಡಿಯೋ ಕಂಪನಿಯದು.

ಭಾವಗೀತೆಯಲ್ಲಿ ಪದವೂ ಉಚಿತವಲ್ಲ. ಡಿವಿಜಿ 2035ರವರೆಗೆ, ಬೇಂದ್ರೆ 2041ರವರೆಗೆ, ಕುವೆಂಪು 2054ರವರೆಗೆ.

ಧಾರವಾಡದ_ಡ್ರಮ್ಮರ್
ಅಂದ್ರ ಶರೀಫಜ್ಜನ ಪದಕ್ಕ ಹಳ್ಳಿ ಭಜನಿ ಮೇಳದವರ ಹಳೇ ಧಾಟಿ ಹಚ್ಚಿ, ಹೊಸದಾಗಿ ಹಾಡಸ್ಕೊಂಡ್ರ ನಡೀತದ?

ಕಲಂ_ಕೃಷ್ಣರಾಯ
@ಧಾರವಾಡದ_ಡ್ರಮ್ಮರ್ ನಡೆಯುತ್ತದೆ. ಧಾಟಿ ನಿಜಕ್ಕೂ ಪರಂಪರೆಯದೇ ಎಂದು ಖಚಿತ ಮಾಡಿಕೊಳ್ಳಿ. ಕ್ಯಾಸೆಟ್ ಕೇಳಿ ಕಲಿತ ಧಾಟಿಯನ್ನು ಎಷ್ಟೋ ಮೇಳದವರು ಅಜ್ಜನ ಕಾಲದ್ದೇ ಎನ್ನುತ್ತಾರೆ. ಹಾಡಿದವರಿಂದ ಪ್ರದರ್ಶಕರ ಹಕ್ಕಿನ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ, ಅದರಲ್ಲಿ ‘ವಿಡಿಯೋ ಗೇಮ್’ ಎಂದು ಹೆಸರಿಸಿ.

ಓಬಿಎಸ್_ಓಬವ್ವ
ಇದಕ್ಕೂ ಕ್ಲೇಮ್ ಬೀಳುತ್ತೆ, ಈಗಲೇ ಹೇಳಿರ್ತೀನಿ. ಅದೇ ಪದ, ಅದೇ ಧಾಟಿ ಅಂದ್ರೆ ಕಂಟೆಂಟ್ ಐಡಿ ಯಾವುದೋ ಕಂಪನಿಯ ಆಲ್ಬಂಗೆ ಹೊಂದಿಸಿಬಿಡಬಹುದು. ರೆಕಾರ್ಡಿಂಗ್ ಸೆಷನ್‌ನ ಪ್ರಾಜೆಕ್ಟ್ ಫೈಲ್, ದಿನಾಂಕ ಇರೋ ಕಚ್ಚಾ ಟೇಕ್‌ಗಳು, ಹಾಡಿದವರ ಒಪ್ಪಿಗೆ ಪತ್ರ ಮೂರನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಕೊಳ್ಳಿ. ಡಿಸ್ಪ್ಯೂಟ್ ಹಾಕುವಾಗ ಹುಡುಕೋಕೆ ಟೈಮ್ ಇರಲ್ಲ.

ಮಂಡ್ಯ_ಮೋಡರ್
ಧಾಟಿ ಅಂದ್ರಲ್ಲ, ನಾಡಗೀತೆಗೆ ಯಾರ ಧಾಟಿ ಸರಿ ಅಂತ…

ಗುಡ್ಡದ_ಭೂತ
@ಮಂಡ್ಯ_ಮೋಡರ್ ಬೇಡ ಮಾರಾಯ. ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಅಂತ 2022ರಲ್ಲಿ ಸರ್ಕಾರವೇ ತೀರ್ಮಾನ ಮಾಡಿಯಾಗಿದೆ. ಅದನ್ನು ಇಲ್ಲಿ ಶುರು ಮಾಡಿದ್ರೆ ಅಡ್ಮಿನ್ ಬೀಗ ಹಾಕ್ತಾರೆ.

ಧಾರವಾಡದ_ಡ್ರಮ್ಮರ್
ಸರಸಮ್ಮನವರ, ಆ ರೀಮಾಸ್ಟರ್ ಫೀ ಷರತ್ತು ಕನ್ನಡದಾಗ ಹೆಂಗ ಬರೀಬೇಕು, ಒಂದು ಮಾದರಿ ಹಾಕ್ರಿ.

ಸಿಂಕ್_ಸರಸಮ್ಮ
@ಧಾರವಾಡದ_ಡ್ರಮ್ಮರ್ ಹೀಗೆ ಶುರು ಮಾಡಿ, ಆಮೇಲೆ ವಕೀಲರಿಗೆ ತೋರಿಸಿ: ‘ಈ ಪರವಾನಗಿಯು ಅನುಬಂಧದಲ್ಲಿ ಹೆಸರಿಸಿದ ಆಟದ ಮೊದಲ ಆವೃತ್ತಿಗೆ ಹಾಗೂ ಅಲ್ಲಿ ಪಟ್ಟಿ ಮಾಡಿದ ಯಂತ್ರಗಳಿಗೆ ಮಾತ್ರ. ಮರುಬಿಡುಗಡೆ, ರೀಮಾಸ್ಟರ್, ಮುಂದಿನ ಭಾಗ, ಹೊಸ ಯಂತ್ರ, ಟ್ರೇಲರ್, ಜಾಹೀರಾತು ಮತ್ತು ಪ್ರತ್ಯೇಕ ಧ್ವನಿಮುದ್ರಿಕೆ ಇದರಲ್ಲಿ ಸೇರಿಲ್ಲ. ಪ್ರತಿ ಹೊಸ ಬಳಕೆಗೆ ಮೂಲ ಶುಲ್ಕದ ಶೇ. __ ರಷ್ಟನ್ನು ಬಿಡುಗಡೆಗೆ 30 ದಿನ ಮುಂಚೆ ಪಾವತಿಸತಕ್ಕದ್ದು.’

ಶೇಕಡಾ ಜಾಗ ಖಾಲಿ ಬಿಟ್ಟಿದ್ದೀನಿ. 100 ಅಂತ ಕೇಳಿ, 50ಕ್ಕೆ ಇಳೀರಿ. ‘ಬಿಡುಗಡೆಯ ನಂತರ’ ಅಂತ ಅವರು ತಿದ್ದಿ ಕಳಿಸ್ತಾರೆ, ಒಪ್ಪಬೇಡಿ.